ವೆಲೆನ್ ಸೀಮೆಯ ಯಜಮಾನ

ಚಿಕ್ಕಮ್ಮ: ನೀನು ಗೇಮ್ ಆಡುವಾಗ ಆ ಬ್ಯಾರನ್ನನ್ನ ನೋಡಿ ‘ಪಾಪ’ ಅಂದೆಯಲ್ಲ, ಆ ಮಾತು ನನಗೆ ಹಿಡಿಸಲಿಲ್ಲ ಕಣೋ. ಅವನು ಅಳ್ತಾನೆ, ಸರಿ. ಹೆಂಡತಿಯನ್ನ ವರ್ಷಗಟ್ಟಲೆ ಹೊಡೆದವನು ಅತ್ತ ಕೂಡಲೇ ನಮ್ಮ ಕನಿಕರ ಅವನ ಕಡೆಗೇ ಯಾಕೆ ಓಡಬೇಕು?

ಹುಡುಗ: ಅವನು ಅತ್ತ ಅಂತ ಬಂದ ಕನಿಕರ ಅಲ್ಲ ಚಿಕ್ಕಮ್ಮ. ‘ಬ್ಲಡಿ ಬ್ಯಾರನ್’ ಅಂತ ಇಡೀ ಸೀಮೆ ಅವನನ್ನ ಹೆದರಿಕೊಂಡು ಕರೆಯುತ್ತೆ. ಆ ಹೆಸರು ಕೇಳಿ ಹೋದವನಿಗೆ ಒಬ್ಬ ಖಳನಾಯಕ ಸಿಗಬೇಕಿತ್ತು. ಸಿಕ್ಕಿದ್ದು ಮನೆ ಕಳಕೊಂಡ ಒಬ್ಬ ಮನುಷ್ಯ.

ಚಿಕ್ಕಮ್ಮ: ಮನೆ ಕಳಕೊಂಡನೋ, ಮನೆಯವರು ಅವನಿಂದ ತಪ್ಪಿಸಿಕೊಂಡರೋ? ಮೊದಲಿಂದ ಹೇಳು. ನಾನು ನೋಡಿದ್ದು ತುಂಡು ತುಂಡಾಗಿ. ಅವನು ಯಾರು, ಅವನಿಗೆ ಅಷ್ಟು ಅಧಿಕಾರ ಎಲ್ಲಿಂದ ಬಂತು?

ಹುಡುಗ: ಗೇಮಿನ ಹೆಸರು ‘ದಿ ವಿಚರ್ 3: ವೈಲ್ಡ್ ಹಂಟ್’. ಪೋಲೆಂಡಿನ ವಾರ್ಸಾದಲ್ಲಿರೋ ಸಿಡಿ ಪ್ರಾಜೆಕ್ಟ್ ರೆಡ್ ಅನ್ನೋ ಸಂಸ್ಥೆ ಮಾಡಿದ್ದು, 2015ರ ಮೇ 19ಕ್ಕೆ ಬಿಡುಗಡೆಯಾಯಿತು. 2023ರ ಹೊತ್ತಿಗೆ ಐದು ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಗಿದೆ ಅಂತ ಅವರೇ ಹೇಳಿದಾರೆ. ಆಂದ್ರೇಯ್ ಸಪ್‌ಕೋವ್‌ಸ್ಕಿ ಅನ್ನೋ ಪೋಲಿಷ್ ಲೇಖಕರು 1986ರಲ್ಲಿ ಒಂದು ಪತ್ರಿಕೆಗೆ ಬರೆದ ಕತೆಯಿಂದ ಶುರುವಾದ ಲೋಕ ಅದು. ಗೆರಾಲ್ಟ್ ಅಂತ ಒಬ್ಬ, ಕೂಲಿಗೆ ರಾಕ್ಷಸರನ್ನ ಕೊಲ್ಲೋನು. ಅವನು ಮಗಳ ಹಾಗೆ ಬೆಳೆಸಿದ ಹುಡುಗಿ ಸಿರಿ. ಅವಳನ್ನ ಹುಡುಕಿಕೊಂಡು ಹೋಗೋದೇ ಈ ಗೇಮಿನ ಕತೆ. ಬ್ಯಾರನ್ ಮಾತ್ರ ಪುಸ್ತಕಗಳಲ್ಲಿ ಇಲ್ಲ, ಗೇಮಿನವರೇ ಸೃಷ್ಟಿಸಿದ ಪಾತ್ರ.

ವೆಲೆನ್ ಅಂದರೆ ಯುದ್ಧ ತುಳಿದು ಹೋದ ಸೀಮೆ. ಉತ್ತರದ ಟೆಮೇರಿಯಾ ರಾಜ್ಯವನ್ನ ದಕ್ಷಿಣದ ನಿಲ್ಫ್‌ಗಾರ್ಡ್ ಸಾಮ್ರಾಜ್ಯ ನುಂಗಿದೆ. ಎಲ್ಲಿ ನೋಡಿದರೂ ಜೌಗು, ಸುಟ್ಟ ಹಳ್ಳಿ, ಮರದಲ್ಲಿ ನೇತಾಡೋ ಹೆಣ. ಸೋತ ಸೈನ್ಯದಲ್ಲಿದ್ದ ಫಿಲಿಪ್ ಸ್ಟ್ರೆಂಗರ್ ಉಳಿದ ಸೈನಿಕರನ್ನ ಕಟ್ಟಿಕೊಂಡು ಬರ್ತಾನೆ. ಹಳೇ ಒಡೆಯ ಬಿಟ್ಟು ಓಡಿಹೋಗಿದ್ದ ಕ್ರೋಸ್ ಪರ್ಚ್ ಕೋಟೆಯಲ್ಲಿ ಕೂತುಬಿಡ್ತಾನೆ. ಬ್ಯಾರನ್ ಅನ್ನೋ ಪದವಿ ಯಾವ ರಾಜ ಕೊಟ್ಟದ್ದೂ ಅಲ್ಲ, ತಾನೇ ಇಟ್ಟುಕೊಂಡದ್ದು. ಗೆದ್ದ ಸೈನ್ಯಕ್ಕೆ ಹಳ್ಳಿಗಳಿಂದ ವಸೂಲಿ ಮಾಡಿ ಕೊಡ್ತಾನೆ, ಅವರು ಇವನ ತಂಟೆಗೆ ಬರೋಲ್ಲ. ಅವನ ಆಳುಗಳು ರೈತರನ್ನ ಹಿಂಡ್ತಾರೆ, ಅದನ್ನ ಕೇಳೋರೂ ಇಲ್ಲ.

ಚಿಕ್ಕಮ್ಮ: ಅಂದರೆ ರಾಜ ಇಲ್ಲ, ಕಾನೂನು ಇಲ್ಲ, ಪಂಚಾಯಿತಿ ಇಲ್ಲ. ಊರಿಗೂ ಅವನೇ, ಮನೆಗೂ ಅವನೇ. ಹೆಂಡತಿ ಯಾರ ಹತ್ತಿರ ಹೋಗಿ ದೂರು ಹೇಳಬೇಕಿತ್ತು?

ಹುಡುಗ: ಯಾರ ಹತ್ತಿರ ಹೋದಳು ಅನ್ನೋದೇ ಆ ಕತೆಯ ಅತಿ ಭಯಂಕರ ಭಾಗ, ಅದಕ್ಕೆ ಆಮೇಲೆ ಬರ್ತೀನಿ. ಗೆರಾಲ್ಟ್ ಕೋಟೆಗೆ ಬರೋ ಹೊತ್ತಿಗೆ ಅವಳು ಅಲ್ಲಿಲ್ಲ. ಹೆಂಡತಿ ಆನಾ, ಮಗಳು ತಮಾರಾ ಇಬ್ಬರೂ ಕಾಣೆ. ಇತ್ತ ಸಿರಿ ಕೆಲವು ದಿನ ಅದೇ ಕೋಟೆಯಲ್ಲಿ ಇದ್ದು ಹೋಗಿರ್ತಾಳೆ. ಬ್ಯಾರನ್ ಒಂದು ಒಪ್ಪಂದ ಮುಂದಿಡ್ತಾನೆ. ನನ್ನ ಹೆಂಡತಿ ಮಗಳನ್ನ ಹುಡುಕಿಕೊಡು, ನಿನ್ನ ಮಗಳ ಸುದ್ದಿ ನಾನು ಹೇಳ್ತೀನಿ.

ಚಿಕ್ಕಮ್ಮ: ನೋಡಿದೆಯಾ? ಒಬ್ಬ ತಂದೆಯ ಸಂಕಟ ಎದುರಿಗೆ ನಿಂತಿದೆ. ಗೊತ್ತಿರೋ ಸುದ್ದಿ ಹೇಳೋಕೆ ಇವನಿಗೆ ಒಂದು ಕಾಸಿನ ಖರ್ಚೂ ಇಲ್ಲ. ಆದರೂ ಅದನ್ನ ಕಂತಿನಲ್ಲಿ ಮಾರ್ತಾನೆ. ಅವನು ಕೆಟ್ಟವನು ಅಂತ ತೀರ್ಪು ಕೊಡೋಕೆ ಇದನ್ನ ಹೇಳ್ತಿಲ್ಲ. ಎಲ್ಲವನ್ನೂ ಹಿಡಿತದಲ್ಲಿ ಇಟ್ಟುಕೊಳ್ಳೋದು ಅಭ್ಯಾಸವಾಗಿ ಹೋದವನಿಗೆ ಬೇಡಿಕೊಳ್ಳೋದು ಬರೋಲ್ಲ. ಬೇಡುವಾಗಲೂ ಅವನು ವ್ಯಾಪಾರಾನೇ ಮಾಡ್ತಾನೆ.

ಹುಡುಗ: ಆದರೆ ಸಿರಿಯನ್ನ ಅವನು ನೋಡಿಕೊಂಡ ರೀತಿ ಕೇಳು. ಬರಗಾಲದಲ್ಲಿ ಕಾಡಿನಲ್ಲಿ ಬಿಟ್ಟುಹೋಗಿದ್ದ ಗ್ರೆಟ್ಕಾ ಅನ್ನೋ ಪುಟ್ಟ ಹುಡುಗಿ ಸಿರಿಗೆ ಸಿಗ್ತಾಳೆ. ಅವಳನ್ನ ಕರಕೊಂಡು ಸಿರಿ ಇವನ ಬಾಗಿಲಿಗೆ ಬರ್ತಾಳೆ. ಇವನು ಇಬ್ಬರಿಗೂ ಊಟ ಹಾಕ್ತಾನೆ, ಜಾಗ ಕೊಡ್ತಾನೆ, ಸಿರಿ ಜೊತೆ ಬೇಟೆಗೆ ಹೋಗ್ತಾನೆ, ಕುದುರೆ ಪಂದ್ಯ ಕಟ್ತಾನೆ. ಆ ಭಾಗವನ್ನ ನಾವು ಸಿರಿಯಾಗಿಯೇ ಆಡಬೇಕು. ಆಗ ಅವನು ಒಳ್ಳೇ ಚಿಕ್ಕಪ್ಪನ ಹಾಗೆ ಕಾಣ್ತಾನೆ. ಕಪಟ ಅಲ್ಲ ಅದು, ನಿಜವಾದ ಪ್ರೀತಿ.

ಚಿಕ್ಕಮ್ಮ: ನಿಜವೇ ಇರಬಹುದು. ಕೋರ್ಟಿನಲ್ಲಿ ವಕೀಲಿಕೆ ಮಾಡುವಾಗ ನಾನು ಇದನ್ನ ಎಷ್ಟು ಸಲ ಕೇಳಿದೀನೋ. ‘ಅವರು ಬೀದಿ ಮಕ್ಕಳಿಗೆಲ್ಲ ಚಾಕೊಲೇಟ್ ಕೊಡಿಸ್ತಾರೆ ಮೇಡಂ, ಯಾರ ಮನೆಯಲ್ಲಿ ಸಾವಾದರೂ ಮೊದಲು ನಿಲ್ಲೋರು ಅವರೇ.’ ಸಾಕ್ಷಿ ಹೇಳೋ ಅಕ್ಕಪಕ್ಕದವರು ಸುಳ್ಳು ಹೇಳ್ತಿರೋಲ್ಲ, ಅವರು ನೋಡಿದ ಮನುಷ್ಯ ಅವನೇ. ಬಾಗಿಲು ಹಾಕಿದ ಮೇಲಿನ ಮನುಷ್ಯನನ್ನ ನೋಡಿದವರು ಇಬ್ಬರೇ, ಹೆಂಡತಿ ಮತ್ತು ಮಗಳು. ಹೊರಗಿನವರ ಮಕ್ಕಳ ಜೊತೆ ಪ್ರೀತಿಯಿಂದ ಇರೋದು ಸುಲಭ ಕಣೋ, ಆ ಮಕ್ಕಳು ಅವನಿಗೆ ಯಾವ ಲೆಕ್ಕವನ್ನೂ ಒಪ್ಪಿಸಬೇಕಾಗಿಲ್ಲ.

ಹುಡುಗ: ಬಾಗಿಲು ಹಾಕಿದ ಮೇಲೆ ಏನಾಯಿತು ಅನ್ನೋದನ್ನ ಗೇಮು ಆ ಮನೆಯಿಂದಲೇ ಹೇಳಿಸುತ್ತೆ. ನನಗೆ ಅದು ತುಂಬ ಇಷ್ಟವಾದ ಕಡೆ. ಮೊದಲು ಬ್ಯಾರನ್ ತನಗೇನೂ ಗೊತ್ತಿಲ್ಲದವನ ಹಾಗೆ ಮಾತಾಡ್ತಾನೆ. ನಾವು ಅವರ ಕೋಣೆಗಳಲ್ಲಿ ಓಡಾಡ್ತೀವಿ. ಜಗಳದ ಗುರುತು, ಚೆಲ್ಲಿದ ವೈನಿನ ವಾಸನೆ, ಮುಚ್ಚಿಟ್ಟ ಏಟಿನ ಕಲೆ. ಆಮೇಲೆ ಆ ಸೀಮೆಯ ಒಬ್ಬ ಮಂತ್ರವಾದಿಯ ಹತ್ತಿರ ಹೋದರೆ ಆನಾ ಅವನಿಂದ ರಕ್ಷೆ ಮಾಡಿಸಿಕೊಂಡು ಹೋಗಿದ್ದು ತಿಳಿಯುತ್ತೆ. ಅವಳಿಗೆ ಗರ್ಭ ಇಳಿದದ್ದೂ ಅಲ್ಲೇ ಗೊತ್ತಾಗುತ್ತೆ. ವಾಪಸ್ ಬಂದರೆ ಬ್ಯಾರನ್ ಕುಡಿದು ರಂಪ ಮಾಡ್ತಿದ್ದಾನೆ, ಲಾಯಕ್ಕೆ ಬೆಂಕಿ ಬಿದ್ದಿದೆ. ಅವನ ಜೊತೆ ಕೈಕೈ ಮಿಲಾಯಿಸಿ ತಣ್ಣಗೆ ಮಾಡಿದ ಮೇಲೆ ಬಾಯಿ ಬಿಡ್ತಾನೆ.

ಚಿಕ್ಕಮ್ಮ: ಆ ಭಾಗ ಪೂರ್ತಿ ನೋಡಿದೆ. ಬರೆದವರು ಯಾರೋ, ಇಂಥ ಗಂಡಸರನ್ನ ಹತ್ತಿರದಿಂದ ಕಂಡವರು. ಅವನು ಹೇಳೋ ಕ್ರಮ ಗಮನಿಸಿದೆಯಾ? ಮೊದಲು ಯುದ್ಧ. ನಾನು ವರ್ಷಾನುಗಟ್ಟಲೆ ರಣರಂಗದಲ್ಲಿದ್ದೆ. ಆಮೇಲೆ ಕುಡಿತ. ಯುದ್ಧ ನನ್ನನ್ನ ಕುಡಿಯೋ ಹಾಗೆ ಮಾಡಿತು. ಆಮೇಲೆ ಅವಳ ತಪ್ಪು. ನಾನಿಲ್ಲದಾಗ ಬೇರೆಯವನನ್ನ ಪ್ರೀತಿಸಿದಳು. ಕೊನೆಗೆ, ಮೊದಲು ಕೈ ಎತ್ತಿದ್ದು ಅವಳೇ. ನಾಲ್ಕು ಮೆಟ್ಟಿಲು ಇಳಿದ ಮೇಲೆ ಐದನೇ ಮೆಟ್ಟಿಲಲ್ಲಿ ‘ನಾನು ಹೊಡೆದೆ’ ಸಿಗುತ್ತೆ. ಅಷ್ಟು ಹೊತ್ತಿಗೆ ಕೇಳೋನ ಮನಸ್ಸು ಅರ್ಧ ಕರಗಿರುತ್ತೆ.

ಹುಡುಗ: ಆದರೆ ಅವನು ಆ ಇನ್ನೊಬ್ಬನನ್ನ ಏನು ಮಾಡಿದೆ ಅನ್ನೋದನ್ನ ಮುಚ್ಚಿಡೋಲ್ಲ. ಎವಾನ್ ಅಂತ, ಆನಾಳ ಬಾಲ್ಯದ ಗೆಳೆಯ. ಅವನನ್ನ ಕೊಂದು ನಾಯಿಗಳಿಗೆ ಹಾಕಿದೆ ಅಂತ ತಾನೇ ಹೇಳ್ತಾನೆ.

ಚಿಕ್ಕಮ್ಮ: ಅದನ್ನ ಹೇಳಿದ ಮೇಲೂ ಅವಳು ಚಾಕು ಹಿಡಿದು ಮೇಲೆ ಬಿದ್ದಳು ಅಂತ ದೂರ್ತಾನಲ್ಲ, ಅದು ನನಗೆ ಮುಖ್ಯ. ಪ್ರೀತಿಸಿದವನನ್ನ ನಾಯಿಗೆ ಹಾಕಿದ ಗಂಡನ ಜೊತೆ ಅವಳು ಅದೇ ಮಾಡಿನ ಕೆಳಗೆ ಇರಬೇಕಾಯಿತು, ಅವನ ಮಗುವನ್ನ ಹೊರಬೇಕಾಯಿತು. ಅವಳು ರೇಗಿಸಿದಳು ಅನ್ನೋ ಮಾತನ್ನ ನಾನು ವಾದದಲ್ಲಿ ಯಾವತ್ತೂ ಉತ್ತರಿಸದೆ ಬಿಟ್ಟಿಲ್ಲ. ರೇಗಿಸಿದವಳ ಮುಖದ ಮೇಲೆ ಗುರುತು ಇರುತ್ತೆ, ರೇಗಿದವನ ಮುಖದ ಮೇಲೆ ಇರೋಲ್ಲ.

ಹುಡುಗ: ಗೆರಾಲ್ಟ್ ಬಾಯಲ್ಲಿ ಏನು ಹೇಳಿಸಬೇಕು ಅನ್ನೋದು ನಮ್ಮ ಕೈಯಲ್ಲಿದೆ ಚಿಕ್ಕಮ್ಮ. ಅವನನ್ನ ಸಮಾಧಾನ ಮಾಡಬಹುದು, ಮುಖಕ್ಕೆ ಹೊಡೆದ ಹಾಗೆ ಕೇಳಲೂಬಹುದು. ಸಿನಿಮಾದಲ್ಲಿ ಆ ಅವಕಾಶ ಇಲ್ಲ. ಅವನ ಕತೆ ಕೇಳಿ ಸುಮ್ಮನಿರಬೇಕೋ, ಪ್ರಶ್ನೆ ಮಾಡಬೇಕೋ ಅಂತ ಕೈ ಕಂಟ್ರೋಲರ್ ಮೇಲೆ ನಿಂತಾಗ ನಮ್ಮ ಬುದ್ಧಿ ನಮಗೇ ಗೊತ್ತಾಗುತ್ತೆ.

ಚಿಕ್ಕಮ್ಮ: ಒಪ್ಪಿದೆ. ಈಗ ಆ ಕೂಸಿನ ಕತೆ ಹೇಳು. ಅದನ್ನ ನಾನು ಸರಿಯಾಗಿ ನೋಡಲಿಲ್ಲ, ಎದ್ದು ಹೋಗಿಬಿಟ್ಟೆ.

ಹುಡುಗ: ಗರ್ಭದಲ್ಲೇ ಸತ್ತ ಮಗು. ಬ್ಯಾರನ್ ಅದನ್ನ ಹೆಸರಿಡದೆ, ಯಾವ ಸಂಸ್ಕಾರವೂ ಮಾಡದೆ ಹೂತಿರ್ತಾನೆ. ಹಾಗೆ ಹೂತ ಕೂಸು ಪಿಶಾಚಿಯಾಗಿ ಏಳುತ್ತೆ ಅನ್ನೋದು ಪೋಲಿಷ್ ಜನಪದ ನಂಬಿಕೆ. ಗೇಮಿನವರು ಆ ನಂಬಿಕೆಯನ್ನ ತಮ್ಮ ನೆಲದಿಂದಲೇ ಎತ್ತಿಕೊಂಡಿದಾರೆ. ರಾತ್ರಿ ಗುಂಡಿ ಹತ್ತಿರ ಹೋದಾಗ ಅದು ಹೊರಗೆ ಬರುತ್ತೆ. ನೋಡೋಕೆ ಆಗೋಲ್ಲ ಚಿಕ್ಕಮ್ಮ, ಅಷ್ಟು ವಿಕಾರ, ಆದರೂ ಕೂಸೇ. ಗೆರಾಲ್ಟ್ ಅದನ್ನ ಕತ್ತಿಯಿಂದ ಕೊಲ್ಲಬಹುದು, ಇಲ್ಲ ಇನ್ನೊಂದು ದಾರಿ ಹಿಡಿಯಬಹುದು. ಹೆತ್ತ ಅಪ್ಪನೇ ಅದನ್ನ ಕೈಯಲ್ಲಿ ಎತ್ತಿಕೊಂಡು ಕೋಟೆಯ ತನಕ ನಡೆಯಬೇಕು. ಹೊಸ್ತಿಲ ಕೆಳಗೆ ಹೂಳಬೇಕು. ‘ನನ್ನ ಮಗು’ ಅಂತ ಒಪ್ಪಿಕೊಂಡು ಹೆಸರಿಡಬೇಕು. ಆಗ ಅದು ಪಿಶಾಚಿತನ ಕಳಕೊಂಡು ಮನೆ ಕಾಯೋ ಜೀವ ಆಗುತ್ತೆ.

ಅವನು ಎತ್ತಿಕೊಳ್ತಾನೆ. ಅಷ್ಟು ದೊಡ್ಡ ಮೈ, ಆ ಕೈಯಲ್ಲಿ ಅಷ್ಟೇ ಅಷ್ಟು ಜೀವ. ದಾರಿಯಲ್ಲಿ ಪ್ರೇತಗಳು ಮುತ್ತುತ್ತವೆ, ಗೆರಾಲ್ಟ್ ಅವನ್ನ ತಡೀತಾನೆ. ಕೂಸು ಕೆರಳುತ್ತೆ, ಸಮಾಧಾನ ಮಾಡಬೇಕು. ಬ್ಯಾರನ್‌ಗೆ ಹೆದರಿಕೆ, ಅಸಹ್ಯ, ದುಃಖ ಎಲ್ಲಾ ಒಟ್ಟಿಗೆ. ಆದರೂ ಕೆಳಗೆ ಇಳಿಸೋಲ್ಲ. ಹೊಸ್ತಿಲ ಹತ್ತಿರ ಅದಕ್ಕೆ ಡೇಯಾ ಅಂತ ಹೆಸರಿಡ್ತಾನೆ. ಆಮೇಲೆ ಅದೇ ಕೂಸಿನ ಜೀವ ಮುಂದೆ ಮುಂದೆ ಹೋಗಿ, ತಾಯಿ ಮತ್ತು ಅಕ್ಕ ಹೋದ ದಾರಿಯನ್ನ ಗೆರಾಲ್ಟ್‌ಗೆ ತೋರಿಸುತ್ತೆ.

ಚಿಕ್ಕಮ್ಮ: ಈ ಭಾಗಕ್ಕೆ ನಾನು ಏನೂ ಅಡ್ಡ ಹೇಳೋಲ್ಲ. ಇಡೀ ಸೀಮೆಯಲ್ಲಿ ಕೈ ಚಿಟಿಕೆ ಹೊಡೆದರೆ ಓಡಿಬರೋ ಆಳುಗಳಿದ್ದಾರೆ ಅವನಿಗೆ. ಈ ಒಂದು ಕೆಲಸವನ್ನ ಯಾರ ಕೈಲೂ ಮಾಡಿಸೋಕೆ ಆಗೋಲ್ಲ. ಮಾಡಿದ್ದನ್ನ ಎತ್ತಿ, ಎದೆಗೆ ಒತ್ತಿಕೊಂಡು, ಎಲ್ಲರೂ ಓಡಾಡೋ ಬಾಗಿಲ ತನಕ ನಡೆದುಕೊಂಡು ಬರಬೇಕು. ಬಾಯಲ್ಲಿ ಹೇಳಿದ ತಪ್ಪೊಪ್ಪಿಗೆಗಿಂತ ಇದು ತುಂಬ ದೊಡ್ಡದು. ಅವನ ಬಗ್ಗೆ ನನಗೆ ಗೌರವ ಅಂತ ಬಂದರೆ ಅದು ಈ ನಡಿಗೆಗೆ ಮಾತ್ರ.

ಆದರೂ ಒಂದು ಕೇಳ್ತೀನಿ. ಆ ಹೆಸರಿಡೋ ಹೊತ್ತಿನಲ್ಲಿ ತಾಯಿ ಎಲ್ಲಿ? ಹೊತ್ತವಳು ಅವಳು.

ಹುಡುಗ: ಜೌಗಿನಲ್ಲಿ. ಅಲ್ಲಿಗೆ ಹೋಗೋ ಮೊದಲು ತಮಾರಾ ಬಗ್ಗೆ ಹೇಳಿಬಿಡ್ತೀನಿ. ಅವಳು ಆಕ್ಸೆನ್‌ಫರ್ಟ್ ಅನ್ನೋ ಪಟ್ಟಣಕ್ಕೆ ತಪ್ಪಿಸಿಕೊಂಡು ಹೋಗಿರ್ತಾಳೆ. ಗೆರಾಲ್ಟ್ ಹೋಗಿ ನಿಮ್ಮಪ್ಪ ನಿನ್ನನ್ನ ಹುಡುಕ್ತಿದಾನೆ ಅಂದರೆ, ಬರೋಲ್ಲ ಅಂತಾಳೆ. ಗಟ್ಟಿಯಾಗಿ. ಅವಳ ಮುಖದಲ್ಲಿ ಅಪ್ಪನ ಮೇಲೆ ಒಂಚೂರೂ ಮೃದುತನ ಇಲ್ಲ. ಅಮ್ಮನನ್ನ ಹೇಗೆ ಹೊಡೀತಿದ್ದ ಅನ್ನೋದನ್ನ ನೋಡಿ ಬೆಳೆದವಳು ಅವಳು. ನನಗೆ ಅವಳ ವಿಷಯದಲ್ಲಿ ಬೇಸರ ಇರೋದು ಒಂದೇ. ಅವಳು ಸೇರಿಕೊಂಡದ್ದು ಮಾಟಗಾರರನ್ನ ಬೇಟೆಯಾಡೋ ಗುಂಪಿಗೆ. ಅವರು ಮಂತ್ರ ಬಲ್ಲವರನ್ನ ಜೀವಂತ ಸುಡೋ ಜನ. ಒಬ್ಬ ಯಜಮಾನನಿಂದ ಓಡಿ ಇನ್ನೊಬ್ಬ ಯಜಮಾನನ ಕೈಕೆಳಗೆ ಹೋದಳು.

ಚಿಕ್ಕಮ್ಮ: ಬೇಸರ ಪಡು, ಆದರೆ ಅವಳ ಮೇಲೆ ಪಡಬೇಡ. ಆ ನಾಡಿನಲ್ಲಿ ಅವಳಿಗೆ ಬಾಗಿಲು ತೆರೆದವರು ಯಾರು? ಬ್ಯಾರನ್‌ಗೆ ಹೆದರದ, ಅವನ ಆಳುಗಳು ಬಂದರೆ ಎದುರು ನಿಲ್ಲೋ ಶಕ್ತಿ ಇರೋ ಒಂದು ಗುಂಪು ಬೇಕಿತ್ತು. ಸಿಕ್ಕಿದ್ದು ಅದು. ಒಳ್ಳೇ ಆಸರೆ ಇಲ್ಲದ ಕಡೆ ಹೆಣ್ಣುಮಕ್ಕಳು ಕೆಟ್ಟ ಆಸರೆಯನ್ನ ಹಿಡೀತಾರೆ, ಅದು ವೆಲೆನ್ ಸೀಮೆಗೆ ಮಾತ್ರ ಸೇರಿದ ಮಾತಲ್ಲ.

ಅದಕ್ಕೇ ನಾವು ಕಾನೂನು ಬೇಕು ಅಂತ ಹೋರಾಡಿದ್ದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಅದರ 19ನೇ ಕಲಮು ನನಗೆ ತುಂಬ ಮುಖ್ಯ. ಮ್ಯಾಜಿಸ್ಟ್ರೇಟರು ಹೊಡೆಯೋನಿಗೇ ‘ಮನೆ ಬಿಟ್ಟು ಆಚೆ ಹೋಗು’ ಅಂತ ಆದೇಶ ಮಾಡಬಹುದು. ಮನೆ ಅವನ ಹೆಸರಿನಲ್ಲೇ ಇರಲಿ, ಅವಳನ್ನ ಹೊರಹಾಕೋ ಹಾಗಿಲ್ಲ. ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಓ ಆಫೀಸಿಗೆ ಹೋಗಿ ದೂರು ಬರೆಸಬಹುದು, ಸಾಂತ್ವನ ಕೇಂದ್ರಕ್ಕೆ ಹೋಗಬಹುದು. ಎಲ್ಲಾ ಸಲ ಸರಿಯಾಗಿ ನಡೆಯುತ್ತೆ ಅಂತ ನಾನು ಹೇಳೋಲ್ಲ. ಆದರೆ ಹಾಗೆ ಕೇಳೋ ಹಕ್ಕು ಅವಳಿಗಿದೆ. ಕ್ರೋಸ್ ಪರ್ಚ್ ಕೋಟೆಯಲ್ಲಿ ಯಾರಾದರೂ ಬ್ಯಾರನ್‌ಗೆ ‘ನೀನು ಆಚೆ ಹೋಗು’ ಅನ್ನೋಕೆ ಸಾಧ್ಯವಿತ್ತಾ? ಅಲ್ಲಿ ರಾತ್ರೋರಾತ್ರಿ ಓಡಬೇಕಾದವರು ಹೊಡೆತ ತಿಂದವರು.

ಹುಡುಗ: ಓಡಿದ ರಾತ್ರಿಯೇ ಆನಾಳನ್ನ ಒಂದು ದೈತ್ಯ ಪ್ರಾಣಿ ಹೊತ್ತುಕೊಂಡು ಹೋಗುತ್ತೆ. ಅದನ್ನ ಕಳಿಸಿದವರು ಜೌಗಿನ ಮೂವರು ಮುದುಕಿಯರು, ಕ್ರೋನ್ಸ್ ಅಂತ ಕರೀತಾರೆ. ವೆಲೆನ್ ಜನ ಅವರನ್ನ ಕಾಡಿನ ಅಮ್ಮಂದಿರು ಅಂತ ಪೂಜಿಸ್ತಾರೆ, ಕಾಣಿಕೆಗೆ ತಮ್ಮ ಕಿವಿ ಕುಯ್ದು ಕೊಡ್ತಾರೆ. ಆನಾ ಬಸುರಾದಾಗ ಹೋಗಿದ್ದು ಇವರ ಹತ್ತಿರ. ಈ ಗಂಡನಿಂದ ಇನ್ನೊಂದು ಮಗು ಬೇಡ, ತೆಗೀರಿ ಅಂದಳು. ಬದಲಿಗೆ ಒಂದು ವರ್ಷ ಸೇವೆ ಮಾಡು ಅಂದರು. ಅವಳ ಅಂಗೈಯಲ್ಲಿ ಗುರುತು ಮೂಡುತ್ತೆ, ಅದೇ ಒಪ್ಪಂದದ ಮುದ್ರೆ.

ಚಿಕ್ಕಮ್ಮ: ಇದನ್ನ ಆಮೇಲೆ ಹೇಳ್ತೀನಿ ಅಂದದ್ದು ಸರಿ ಬಿಡು. ಮಗು ಹೋದದ್ದು ನನ್ನ ಹೊಡೆತದಿಂದ ಅಂತ ಅವನು ಅಂದುಕೊಂಡಿದ್ದ. ಈಗ ಮುದುಕಿಯರ ಕೈವಾಡ ಅಂತ ಗೊತ್ತಾಯಿತು. ಅವನ ಪಾಪ ಅಲ್ಲಿಗೆ ಕಮ್ಮಿ ಆಯಿತಾ? ನನ್ನ ಪ್ರಕಾರ ಹೆಚ್ಚಾಯಿತು. ರಾಕ್ಷಸಿಯರ ಕೈಗೆ ವರ್ಷವಿಡೀ ತನ್ನನ್ನ ಒಪ್ಪಿಸಿಕೊಳ್ಳೋದೇ ವಾಸಿ ಅನ್ನಿಸೋ ಹಾಗೆ ಆ ಮನೆ ಇತ್ತು.

ಹುಡುಗ: ಈಗ ಕಷ್ಟದ ಕಡೆ. ಜೌಗಿನಲ್ಲಿ ಆನಾ ಅನಾಥ ಮಕ್ಕಳನ್ನ ನೋಡಿಕೊಳ್ತಾ ಇರ್ತಾಳೆ, ಮಕ್ಕಳು ಅವಳನ್ನ ಅಜ್ಜಿ ಅಂತಾರೆ. ಹತ್ತಿರದ ಒಂದು ಗುಡ್ಡದಲ್ಲಿ ಮರದೊಳಗೆ ಸೆರೆಯಾದ ಒಂದು ಶಕ್ತಿ ಇದೆ. ಬಿಡಿಸಿದರೆ ಮಕ್ಕಳನ್ನ ಕಾಪಾಡ್ತೀನಿ ಅನ್ನುತ್ತೆ. ಬಿಡಿಸಿದರೆ ಮಕ್ಕಳು ಉಳೀತಾರೆ. ಆದರೆ ಆ ಶಕ್ತಿ ಡೌನ್‌ವಾರನ್ ಅನ್ನೋ ಇಡೀ ಹಳ್ಳಿಯನ್ನ ಕೊಲ್ಲುತ್ತೆ. ಮಕ್ಕಳು ಕೈತಪ್ಪಿದ್ದಕ್ಕೆ ಮುದುಕಿಯರು ಆನಾಳನ್ನ ನೀರಿನ ಹೆಣ್ಣು ಭೂತ ಮಾಡಿಬಿಡ್ತಾರೆ. ಶಾಪ ಬಿಡಿಸಿದರೂ ಅವಳು ಸಾಯ್ತಾಳೆ. ಬ್ಯಾರನ್ ಕೋಟೆಗೆ ವಾಪಸ್ ಬಂದು ಅಂಗಳದ ಮರಕ್ಕೆ ನೇಣು ಹಾಕಿಕೊಳ್ತಾನೆ. ಆ ಶಕ್ತಿಯನ್ನ ಕೊಂದರೆ ಮಕ್ಕಳು ಮುದುಕಿಯರ ಪಾಲಾಗ್ತಾರೆ. ಆನಾ ಬದುಕ್ತಾಳೆ, ಆದರೆ ಬುದ್ಧಿ ಹೋಗಿರುತ್ತೆ. ಆಗ ಬ್ಯಾರನ್ ಕೋಟೆ, ಪದವಿ ಎಲ್ಲ ಬಿಟ್ಟು, ಅವಳನ್ನ ಕರಕೊಂಡು ದೂರದ ನೀಲಿ ಬೆಟ್ಟಗಳ ಬುಡದಲ್ಲಿರೋ ವೈದ್ಯನ ಹತ್ತಿರ ಹೊರಡ್ತಾನೆ. ಆಟಗಾರರು ಬಹಳ ಜನ ಇದನ್ನೇ ಒಳ್ಳೇ ಮುಕ್ತಾಯ ಅಂತಾರೆ. ನನಗೂ ಹಾಗೇ ಅನ್ನಿಸುತ್ತೆ.

ಚಿಕ್ಕಮ್ಮ: ಯಾರಿಗೆ ಒಳ್ಳೇದು?

ಹುಡುಗ: ಇಬ್ಬರಿಗೂ. ಅವನು ಕುಡಿಯೋದು ಬಿಡ್ತೀನಿ ಅಂತಾನೆ. ಜೀವಮಾನವಿಡೀ ಅವಳ ಸೇವೆ ಮಾಡೋಕೆ ಹೊರಟಿದಾನೆ. ಸೀಮೆಯನ್ನೇ ಬಿಟ್ಟುಕೊಟ್ಟ ಮೇಲೆ ಇನ್ನೇನು ಉಳಿದಿದೆ ಅವನಲ್ಲಿ?

ಚಿಕ್ಕಮ್ಮ: ಆನಾ ಉಳಿದಿದಾಳಲ್ಲ, ಅವನ ಕೈಯಲ್ಲೇ. ಯೋಚನೆ ಮಾಡು. ಪ್ರಾಣ ಪಣಕ್ಕಿಟ್ಟು ಓಡಿದವಳು ಅವಳು. ಇವನಿಂದ ದೂರ ಇರಬೇಕು ಅನ್ನೋದೊಂದೇ ಅವಳು ಸ್ವಂತ ಬುದ್ಧಿಯಿಂದ ತಗೊಂಡ ತೀರ್ಮಾನ. ಈಗ ಬುದ್ಧಿ ಹೋಗಿದೆ, ಬೇಡ ಅನ್ನೋಕೆ ಬಾಯಿಲ್ಲ. ಅದೇ ಹೊತ್ತಿಗೆ ಅವನು ಕೈಹಿಡಿದು ಕರಕೊಂಡು ಹೋಗ್ತಾನೆ, ನಾವು ಕಣ್ಣೊರಸಿಕೊಂಡು ಒಳ್ಳೇದಾಯಿತು ಅಂತೀವಿ. ಅವಳಿಗೆ ಬುದ್ಧಿ ವಾಪಸ್ ಬಂದ ಬೆಳಿಗ್ಗೆ ಪಕ್ಕದಲ್ಲಿ ಕೂತಿರೋನು ಯಾರು ಅಂತ ನೆನೆಸಿಕೋ.

ಹುಡುಗ: ಹಾಗಾದರೆ ಇನ್ನೊಂದು ಮುಕ್ತಾಯ ವಾಸಿನಾ? ಅವಳು ಸಾಯೋದು, ಅವನು ನೇಣು ಹಾಕಿಕೊಳ್ಳೋದು?

ಚಿಕ್ಕಮ್ಮ: ಅದೂ ಅಲ್ಲ. ಎರಡರಲ್ಲೂ ಇರೋ ಕೊರತೆ ಒಂದೇ. ಎರಡೂ ಕಡೆ ಆನಾಗೆ ಏನಾಗುತ್ತೆ ಅನ್ನೋದು ಬ್ಯಾರನ್‌ಗೆ ಸಿಗೋ ಶಿಕ್ಷೆ ಅಥವಾ ಕ್ಷಮೆ ಆಗಿಬಿಟ್ಟಿದೆ. ಅವಳು ಸತ್ತರೆ ಅವನಿಗೆ ಶಿಕ್ಷೆ, ಬದುಕಿದರೆ ಅವನಿಗೆ ಪ್ರಾಯಶ್ಚಿತ್ತ. ಅವಳ ಬಾಯಿಂದ ಅವಳ ಮದುವೆಯ ಕತೆ ನಾವು ಒಂದು ಸಲವೂ ಇಡಿಯಾಗಿ ಕೇಳೋಲ್ಲ. ಅವನ ಕತೆಗೆ ಅಷ್ಟು ಹೊತ್ತು ಕೊಟ್ಟ ಗೇಮು, ಎವಾನ್ ಹೇಗಿದ್ದ, ಅವನ ಜೊತೆ ಅವಳು ಏನು ಕನಸು ಕಂಡಿದ್ದಳು ಅಂತ ಕೇಳೋಕೆ ಒಂದು ಸಾಲಿನ ಆಯ್ಕೆಯನ್ನೂ ಕೊಟ್ಟಿಲ್ಲ. ಇಷ್ಟು ಚೆನ್ನಾಗಿ ಬರೆದವರು ಇದನ್ನ ಬಿಟ್ಟರಲ್ಲ ಅಂತ ನನಗೆ ನಿಜವಾಗಿ ನೋವಾಗುತ್ತೆ. ಕೆಟ್ಟದಾಗಿ ಬರೆದಿದ್ದರೆ ನಾನು ಇಷ್ಟು ಮಾತಾಡ್ತಿರಲಿಲ್ಲ.

ಹುಡುಗ: ಒಂದು ವಿಷಯ ಹೇಳ್ತೀನಿ, ನಿನಗೆ ಉಪಯೋಗಕ್ಕೆ ಬರಬಹುದು. ಆನಾಗೆ ರಕ್ಷೆ ಕಟ್ಟಿಕೊಟ್ಟ ಆ ಮಂತ್ರವಾದಿಯದ್ದೇ ಬೇರೆ ಒಂದು ಕ್ವೆಸ್ಟ್ ಇದೆ. ನಮ್ಮ ಪಿತೃಪಕ್ಷದ ಹಾಗೆ ಸತ್ತ ಹಿರಿಯರನ್ನ ಕರೆದು ಸಮಾಧಾನ ಮಾಡೋ ರಾತ್ರಿ ಅದು. ಪೋಲೆಂಡಿನ ಕಡೆ ಹಿಂದಿನಿಂದ ಇದ್ದ ಆಚರಣೆ. ಅಲ್ಲಿನ ದೊಡ್ಡ ಕವಿ ಆದಮ್ ಮಿತ್ಸ್‌ಕಿಯೆವಿಚ್ ಅದರ ಮೇಲೆ ‘ಜಾಡಿ’ ಅನ್ನೋ ನಾಟಕ ಬರೆದಿದಾರೆ. ಗೇಮಿನಲ್ಲಿ ಆ ರಾತ್ರಿ ಮಂತ್ರವಾದಿಯ ಅಪ್ಪನ ಪ್ರೇತ ಬರುತ್ತೆ. ಆಮೇಲೆ ಗೊತ್ತಾಗುತ್ತೆ, ಮನೆಯವರಿಗೆ ಕಾಟ ಕೊಡ್ತಿದ್ದ ಆ ಅಪ್ಪನನ್ನ ಕೊಂದವನು ಮಗನೇ.

ಚಿಕ್ಕಮ್ಮ: ಅಂದರೆ ಆ ಸೀಮೆಯಲ್ಲಿ ಬ್ಯಾರನ್ ಒಬ್ಬನೇ ಅಲ್ಲ. ಗುಡಿಸಿಲಲ್ಲೂ ಒಬ್ಬ ಯಜಮಾನ ಇದ್ದ. ಆನಾ ರಕ್ಷೆ ಕೇಳಿಕೊಂಡು ಹೋಗಿದ್ದು ಅಂಥ ಮನೆಯಿಂದ ಬಂದವನ ಹತ್ತಿರವೇ. ಬೇಕಂತಲೇ ಹಾಗೆ ಬರೆದಿದ್ದರೆ ಕೈ ಮುಗೀಬೇಕು.

ಹುಡುಗ: ಬರೆದವರು ಅಪ್ಪಂದಿರ ಬಗ್ಗೆ ತುಂಬ ಯೋಚನೆ ಮಾಡಿದಾರೆ. ಸಿರಿಯ ಹೆತ್ತ ತಂದೆ ನಿಲ್ಫ್‌ಗಾರ್ಡ್ ಚಕ್ರವರ್ತಿ ಎಮ್‌ಹಿರ್ ವಾರ್ ಎಮ್ರೈಸ್. ಇಂಗ್ಲಿಷಿನಲ್ಲಿ ಅವನಿಗೆ ದನಿ ಕೊಟ್ಟವರು ಚಾರ್ಲ್ಸ್ ಡಾನ್ಸ್. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಟೈವಿನ್ ಲ್ಯಾನಿಸ್ಟರ್ ಆಗಿದ್ದರಲ್ಲ, ಅವರೇ. ಅವನ ಎದುರು ಹೋಗೋ ಮುಂಚೆ ಗೆರಾಲ್ಟ್‌ಗೆ ಸ್ನಾನ ಮಾಡಿಸಿ, ಗಡ್ಡ ತೆಗೆಸಿ, ಬಟ್ಟೆ ತೊಡಿಸಿ, ಹೇಗೆ ಬಗ್ಗಬೇಕು ಅಂತ ಹೇಳಿಕೊಡ್ತಾರೆ. ಕಾದಂಬರಿಗಳಲ್ಲಿ ಅವನು ಒಂದು ಭವಿಷ್ಯವಾಣಿ ನಂಬಿಕೊಂಡು ಸ್ವಂತ ಮಗಳನ್ನೇ ಮದುವೆ ಆಗೋಕೆ ಹೊರಟವನು. ಗೇಮಿನಲ್ಲಿ ಅವಳನ್ನ ಉತ್ತರಾಧಿಕಾರಿ ಮಾಡೋಕೆ ನೋಡ್ತಾನೆ. ಎರಡರಲ್ಲೂ ಮಗಳು ಅಂದರೆ ವಂಶಕ್ಕೆ ಬೇಕಾದ ವಸ್ತು. ಅವನ ಪಕ್ಕ ನಿಲ್ಲಿಸಿದರೆ ಬ್ಯಾರನ್ ಎಷ್ಟೋ ಮನುಷ್ಯ.

ಸ್ಕೆಲ್ಲಿಗೆ ದ್ವೀಪಗಳಲ್ಲಿ ಕ್ರಾಕ್ ಆನ್ ಕ್ರೇಟ್ ಅಂತ ಒಬ್ಬ ಕುಲದ ಹಿರಿಯನಿದಾನೆ. ಅವನ ಮಗನೂ ಮಗಳು ಸೆರಿಸ್ಸೂ ಇಬ್ಬರೂ ಸಿಂಹಾಸನಕ್ಕೆ ಸ್ಪರ್ಧಿಸ್ತಾರೆ, ನಾವು ನೆರವಾದರೆ ಮಗಳೇ ರಾಣಿ ಆಗ್ತಾಳೆ. ಇನ್ನು ಗೆರಾಲ್ಟ್. ಸಿರಿ ಸಿಕ್ಕ ಮೇಲೆ ಗೇಮು ನಮ್ಮ ತಂದೆತನವನ್ನ ಐದು ಕಡೆ ಪರೀಕ್ಷೆ ಮಾಡುತ್ತೆ. ಅವಳು ಸೋತು ಕೂತಾಗ ಹಿಮದುಂಡೆ ಎಸೆದು ಆಡ್ತೀಯಾ, ಇಲ್ಲ ಕುಡಿಯೋಣ ಬಾ ಅಂತೀಯಾ? ಅವಳು ದೊಡ್ಡವರ ಜೊತೆ ಮಾತಾಡೋಕೆ ಹೋದಾಗ ಒಬ್ಬಳನ್ನೇ ಕಳಿಸ್ತೀಯಾ, ಜೊತೆಗೆ ಹೋಗಿ ಕೂರ್ತೀಯಾ? ಚಕ್ರವರ್ತಿ ಅವಳನ್ನ ಹುಡುಕಿಕೊಟ್ಟದ್ದಕ್ಕೆ ದುಡ್ಡು ಕೊಟ್ಟರೆ ತಗೊಳ್ತೀಯಾ? ಅವಳಿಗೆ ತನ್ನ ದಾರಿ ಬಿಟ್ಟುಕೊಟ್ಟಷ್ಟೂ ಅವಳು ಬದುಕಿ ಬರೋ ಸಾಧ್ಯತೆ ಹೆಚ್ಚು. ಕಾಪಾಡೋ ನೆಪದಲ್ಲಿ ಹಿಡಿದಿಟ್ಟರೆ ಕಳಕೊಳ್ತೀವಿ. ಬ್ಯಾರನ್ ಕತೆಯಲ್ಲಿ ಬಿಟ್ಟದ್ದಕ್ಕೆ ಉತ್ತರ ಇಲ್ಲಿ ಕೊಟ್ಟಿದಾರೆ ಅನ್ನಿಸೋಲ್ವಾ?

ಚಿಕ್ಕಮ್ಮ: ಅರ್ಧ ಉತ್ತರ. ಸಿರಿ ಕೈಯಲ್ಲಿ ಕತ್ತಿ ಇದೆ, ಮೈಯಲ್ಲಿ ಲೋಕದ ಬಾಗಿಲುಗಳನ್ನೇ ತೆರೆಯೋ ಶಕ್ತಿ ಇದೆ, ಬೆನ್ನಿಗೆ ಗೆರಾಲ್ಟ್ ಇದಾನೆ. ಅವಳನ್ನ ಬಿಟ್ಟುಕೊಡೋದು ಬಿಟ್ಟು ಬೇರೆ ದಾರಿಯೇ ಇಲ್ಲ. ಏನೂ ಇಲ್ಲದ ಹೆಂಡತಿಯನ್ನ ಬಿಟ್ಟುಕೊಡೋದು ಯಜಮಾನನಿಗೆ ನಿಜವಾದ ಪರೀಕ್ಷೆ. ಬ್ಯಾರನ್ ಅಧಿಕಾರ ಬಿಟ್ಟ, ಕೋಟೆ ಬಿಟ್ಟ, ಕುಡಿತವನ್ನೂ ಬಿಡಬಹುದು. ಅವಳೊಬ್ಬಳನ್ನ ಬಿಡಲಿಲ್ಲ. ಅವಳನ್ನ ಮಗಳು ತಮಾರಾ ಕೈಗೆ ಒಪ್ಪಿಸಿ, ವೈದ್ಯನ ಖರ್ಚಿಗೆ ಕೋಟೆಯ ದುಡ್ಡು ಕಟ್ಟಿಕೊಟ್ಟು, ತಾನು ದೂರ ಹೋಗಿದ್ದರೆ ನಾನು ಅವನನ್ನ ಒಪ್ಪಿಕೊಳ್ತಿದ್ದೆ.

ಅಂದ ಹಾಗೆ, ಅವನು ಹೋದ ಮೇಲೆ ಆ ಕೋಟೆಗೆ ಏನಾಗುತ್ತೆ?

ಹುಡುಗ: ಅವನ ಕೈಕೆಳಗಿದ್ದ ಸಾರ್ಜೆಂಟ್ ಬಂದು ಕೂರ್ತಾನೆ. ರೈತರ ಪಾಡು ಮೊದಲಿಗಿಂತ ಕೆಡುತ್ತೆ. ಇವನಿಗಿಂತ ಬ್ಯಾರನ್ನೇ ವಾಸಿ ಇದ್ದ ಅನ್ನಿಸೋ ಹಾಗೆ ಆಗಿಬಿಡುತ್ತೆ.

ಚಿಕ್ಕಮ್ಮ: ಹಾಗೆ ಅನ್ನಿಸಬಹುದು, ಅದನ್ನ ನಂಬಬೇಡ. ಕುರ್ಚಿ ಹಾಗೇ ಇತ್ತು, ಕೂತವನು ಮಾತ್ರ ಬದಲಾದ. ಪಶ್ಚಾತ್ತಾಪ ಪಟ್ಟ ಯಜಮಾನ ತನ್ನ ಮನೆಯ ಲೆಕ್ಕ ತೀರಿಸೋಕೆ ಹೊರಟ, ಊರಿನ ಲೆಕ್ಕ ಹಾಗೇ ಬಿಟ್ಟ. ಸುಲಿಗೆ ಮಾಡಿ ಅಂತ ಆ ಆಳುಗಳಿಗೆ ಕಲಿಸಿದವನು ಅವನೇ.

ಹುಡುಗ: ಇಷ್ಟೆಲ್ಲ ಆದ ಮೇಲೂ ನನಗೆ ಅವನ ಮೇಲಿನ ಕನಿಕರ ಹೋಗ್ತಿಲ್ಲ ಚಿಕ್ಕಮ್ಮ. ಆ ಕೂಸನ್ನ ಎತ್ತಿಕೊಂಡ ಕೈಯನ್ನ ಮರೆಯೋಕೆ ಆಗೋಲ್ಲ.

ಚಿಕ್ಕಮ್ಮ: ಮರೀಬೇಡ. ಕನಿಕರ ಇಟ್ಟುಕೋ, ಆದರೆ ಅದನ್ನ ತೀರ್ಪು ಮಾಡಬೇಡ. ಅವನು ನಿಜವಾಗಿ ನೊಂದಿದಾನೆ, ಆ ನೋವಿಗೆ ಬೆಲೆ ಇದೆ, ಆದರೆ ಆ ಬೆಲೆಗೆ ಆನಾ ಮತ್ತು ತಮಾರಾ ವಾಪಸ್ ಸಿಗೋಲ್ಲ. ನಿನ್ನ ಸ್ನೇಹಿತರು ಇದನ್ನ ಹೊಸದಾಗಿ ಆಡೋಕೆ ಕೂತರೆ ಒಂದು ಮಾತು ಹೇಳು. ಬ್ಯಾರನ್‌ನ ಕತೆ ಎಲ್ಲರೂ ಪೂರ್ತಿ ಕೇಳ್ತಾರೆ. ಆಕ್ಸೆನ್‌ಫರ್ಟಿನಲ್ಲಿ ಆ ಹುಡುಗಿ ಮಾತಾಡುವಾಗ ಅವಸರಕ್ಕೆ ಗುಂಡಿ ಒತ್ತಿ ಮುಂದೆ ಹೋಗಬೇಡಿ, ಇರೋ ಪ್ರಶ್ನೆಗಳನ್ನೆಲ್ಲ ಕೇಳಿ, ಅವಳು ಮುಗಿಸೋ ತನಕ ಕೂತಿರಿ. ಅವನಿಗೆ ಒಳ್ಳೇದು ಮಾಡಬೇಕಾ ಬೇಡವಾ ಅನ್ನೋದನ್ನ ಅದಾದ ಮೇಲೆ ತೀರ್ಮಾನ ಮಾಡಿ.